ಅಪವರ್ತನವೋ, ಭಾಜಕವೋ? 720720ರಿಂದ ಎದ್ದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ 720720 ಎಂಬ ಸಂಖ್ಯೆಯ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. 1ರಿಂದ 16ರವರೆಗೆ ಯಾವುದರಿಂದ ಭಾಗಿಸಿದರೂ ಇದರಲ್ಲಿ ಶೇಷ ಉಳಿಯುವುದಿಲ್ಲ. ಅಂಥ ಸಂಖ್ಯೆಗಳಲ್ಲಿ ಇದೇ ಚಿಕ್ಕದು. ಬಿಡಿಸುವುದೂ ಸುಲಭ. 720 ಎರಡು ಸಲ ಬಂದಿದೆ ಅಲ್ವಾ, ಹಾಗಾಗಿ ಇದು 720 × 1001. 1001 ಅಂದರೆ 7 × 11 × 13. 720ರಲ್ಲಿ ನಾಲ್ಕು 2, ಎರಡು 3, ಒಂದು 5 ಇವೆ.

"ಇದಕ್ಕೆ ಎಷ್ಟು ಅಪವರ್ತನಗಳಿವೆ?" ಎಂದು ಬರೆದವನು ಅಲ್ಲೇ ನಿಂತುಬಿಟ್ಟೆ. ಒಂದು ಮಗು 2, 3, 5, 7, 11, 13 ಎಂದು ಎಣಿಸಿ 6 ಅನ್ನಬಹುದು. ಇನ್ನೊಂದು ಮಗು ನಾಲ್ಕು 2ಗಳನ್ನೂ ಎರಡು 3ಗಳನ್ನೂ ಬಿಡದೆ ಎಣಿಸಿ 10 ಅನ್ನಬಹುದು. ನನಗೆ ಬೇಕಿದ್ದುದು 720720ನ್ನು ಶೇಷವಿಲ್ಲದೆ ಭಾಗಿಸುವ ಎಲ್ಲ ಸಂಖ್ಯೆಗಳ ಎಣಿಕೆ, ಅಂದರೆ 240. ಅಂಥ ಒಂದೊಂದು ಸಂಖ್ಯೆಯನ್ನು ಕಟ್ಟುವಾಗ 2ನ್ನು ಒಂದೂ ತೆಗೆದುಕೊಳ್ಳದಿರಬಹುದು, ನಾಲ್ಕರವರೆಗೆ ಎಷ್ಟಾದರೂ ತೆಗೆದುಕೊಳ್ಳಬಹುದು, ಅಂದರೆ ಐದು ದಾರಿ. 3ಕ್ಕೆ ಮೂರು ದಾರಿ. ಉಳಿದ ನಾಲ್ಕಕ್ಕೆ ಎರಡೆರಡು. 5 × 3 × 2 × 2 × 2 × 2 = 240.

ಮೊದಲಿನ ಎರಡಕ್ಕೆ "ಅವಿಭಾಜ್ಯ ಅಪವರ್ತನ" ಅಂದರೆ ಅರ್ಧ ಗೊಂದಲ ಹೋಗುತ್ತದೆ. 240ಕ್ಕೆ "ಭಾಜಕ" ಅನ್ನೋಣವೆಂದರೆ ಅಲ್ಲೂ ತೊಂದರೆ ಇದೆ. 720720ನ್ನು 17ರಿಂದ ಭಾಗಿಸಿ ನೋಡಿ. ಭಾಗಲಬ್ಧ 42395, ಶೇಷ 5. ಶಾಲೆಯ ಭಾಗಾಕಾರದಲ್ಲಿ ಆ 17 ಕೂಡ ಭಾಜಕವೇ! ಶೇಷ ಉಳಿದರೂ ಉಳಿಯದಿದ್ದರೂ ಹೆಸರು ಒಂದೇ. "ನಿಶ್ಶೇಷ ಭಾಜಕ" ಅಂದರೆ ಅರ್ಥ ಸರಿಯಾಗುತ್ತದೆ, ಆದರೆ ಮಕ್ಕಳ ಬಾಯಿಗೆ ಭಾರ. "ಭಾಗ ಹೋಗುವ ಸಂಖ್ಯೆ" ಎಂದು ಬರೆದರೆ ಹೇಗೆ? ಮಾತಿನಲ್ಲಿ "7ರಿಂದ ಭಾಗ ಹೋಗುತ್ತೆ" ಅನ್ನುತ್ತೇವಲ್ಲ, ನನಗೆ ಇದೇ ಜಾಸ್ತಿ ಹಿಡಿಸಿದೆ.

ಅಪವರ್ತನದ ಪಕ್ಕದಲ್ಲೇ "ಅಪವರ್ತ್ಯ" ಬೇರೆ ಇದೆ. ಮ.ಸಾ.ಅ.ದ (ಮಹತ್ತಮ ಸಾಮಾನ್ಯ ಅಪವರ್ತನ) ಕೊನೆಯ "ಅ" ಅಪವರ್ತನ, ಲ.ಸಾ.ಅ.ದ (ಲಘುತ್ತಮ ಸಾಮಾನ್ಯ ಅಪವರ್ತ್ಯ) "ಅ" ಅಪವರ್ತ್ಯ. 16 ಅಪವರ್ತನ, 720720 ಅದರ ಅಪವರ್ತ್ಯ. ಅರ್ಥ ಪೂರ್ತಿ ತಿರುಗುಮುರುಗು, ಬರಹದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ. ಅಪವರ್ತ್ಯಕ್ಕೆ "7ರ ಮಗ್ಗಿಯಲ್ಲಿ ಬರುವ ಸಂಖ್ಯೆ" ಎಂದು ಬಿಡಿಸಿ ಬರೆದಿದ್ದೇನೆ.

ಇನ್ನೊಂದು ಪದವೂ ಬೇಕು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧ ಪ್ರಕಟಿಸಿದರು. 12, 60, 360 ಆ ಗುಂಪಿನವು. 720720 ಕೂಡ. ಅವರು ಕೊಟ್ಟ ಇಂಗ್ಲಿಷ್ ಹೆಸರನ್ನು (highly composite number) ಹಾಗೇ ತಂದರೆ "ಅತಿ ಸಂಯುಕ್ತ ಸಂಖ್ಯೆ" ಆಗುತ್ತದೆ. ಅದರಿಂದ ಭಾಜಕಗಳು ಹೆಚ್ಚಿವೆ ಎಂಬುದು ಹೊಳೆಯುವುದಿಲ್ಲ. ಸದ್ಯಕ್ಕೆ "ಬಹುಭಾಜಕ ಸಂಖ್ಯೆ" ಎಂದು ಇಟ್ಟುಕೊಂಡಿದ್ದೇನೆ. ಆದರೆ ಇದರಲ್ಲಿ "ಚಿಕ್ಕವನ್ನೆಲ್ಲ ಮೀರಿಸಿದ್ದು" ಎಂಬ ಅರ್ಥ ಬರಲಿಲ್ಲ. ಅದನ್ನೂ ಹೇಳುವ ಒಂದು ಪದ ನಿಮಗೆ ಹೊಳೆಯುತ್ತದೆಯೇ? ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿಗೆ ಏನನ್ನುತ್ತೀರಿ ಎಂದು ತಿಳಿಸಿದರೂ ತುಂಬ ಉಪಕಾರವಾಗುತ್ತದೆ.