‘ಚಾರ್ಜ್’ ಪದಕ್ಕೆ ಎಲ್ಲಿ ಯಾವ ಕನ್ನಡ ಪದ?

ಪದಹುಡುಕ:
ಇಂಗ್ಲಿಷಿನ ‘ಚಾರ್ಜ್’ ಪದಕ್ಕೆ ನಿಘಂಟು ತೆರೆದರೆ ಶುಲ್ಕ, ಆರೋಪ, ಹೊಣೆ, ದಾಳಿ, ವಿದ್ಯುದಾವೇಶ, ಋಣಭಾರ ಎಲ್ಲವೂ ಒಟ್ಟಿಗೆ ಬರುತ್ತವೆ. ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಪಿಯು ವಿದ್ಯಾರ್ಥಿಗಳಿಗೆ ಪದಪಟ್ಟಿ ಮಾಡಬೇಕಿದೆ. ಯಾವ ಸಂದರ್ಭಕ್ಕೆ ಯಾವ ಪದ ಎಂದು ಗುರುತಿಸುವುದು ಹೇಗೆ? ‘ಫೀ’, ‘ಫೇರ್’ಗಳಿಗೂ ಇದಕ್ಕೂ ವ್ಯತ್ಯಾಸವೇನು?

ಕಡತವಾಣಿ:
ಸಂಬಂಧ ಇದೆ. ಲ್ಯಾಟಿನ್ನಿನಲ್ಲಿ ‘ಕಾರಸ್’ ಎಂದರೆ ಗಾಡಿ. ಗಾಡಿಗೆ ಸರಕು ಹೇರುವುದು ‘ಕಾರಿಕಾರೆ’. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ‘ಕಾರ್ಗೋ’ ಕೂಡ ಅದೇ ಬುಡದ್ದು. ಹಣದ ಹೊರೆ ಹೇರಿದರೆ ಶುಲ್ಕ, ತಪ್ಪಿನ ಹೊರೆ ಹೊರಿಸಿದರೆ ಆರೋಪ, ಕೆಲಸದ ಹೊರೆ ಹೊರಿಸಿದರೆ ಹೊಣೆ. ಕನ್ನಡದಲ್ಲೂ ಆರೋಪವನ್ನು ‘ಹೊರಿಸು’ತ್ತೇವೆ, ಹೊಣೆಯನ್ನು ‘ಹೊರು’ತ್ತೇವೆ. ಮಕ್ಕಳಿಗೆ ಇದನ್ನು ಮೊದಲು ಹೇಳಿ, ಉಳಿದದ್ದು ನೆನಪಿನಲ್ಲಿ ನಿಲ್ಲುತ್ತದೆ.

ಆಡಳಿತ ಕನ್ನಡದ ಪದಗಳೂ ಇದೇ ದಾರಿಯವು. ಭಾರ, ಪ್ರಭಾರ, ಪ್ರಭೃತ ಮೂರೂ ಸಂಸ್ಕೃತದ ‘ಭೃ’, ಅಂದರೆ ಹೊರು ಎಂಬ ಧಾತುವಿನವು. ಬಜೆಟ್ ಪುಸ್ತಕದಲ್ಲಿ ‘ಪ್ರಭೃತ ವೆಚ್ಚ’ (ಇಂಗ್ಲಿಷಿನ ‘ಚಾರ್ಜ್ಡ್’ ವೆಚ್ಚ) ಎಂದು ಕಾಣುವುದು ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ ಮೇಲೆ ನೇರವಾಗಿ ಬೀಳುವ ಖರ್ಚು. ರಾಜ್ಯದ ಮಟ್ಟಿಗೆ ಇದು ಸಂವಿಧಾನದ 202ನೇ ವಿಧಿಯಲ್ಲಿದೆ. ರಾಜ್ಯಪಾಲರ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸರ್ಕಾರದ ಸಾಲದ ಬಡ್ಡಿ ಇದಕ್ಕೆ ಸೇರುತ್ತವೆ. ಇದರ ಮೇಲೆ ಸದನದಲ್ಲಿ ಚರ್ಚೆ ಆಗಬಹುದು, ಮತಕ್ಕೆ ಮಾತ್ರ ಹಾಕುವುದಿಲ್ಲ. ಇಲ್ಲಿ ‘ಶುಲ್ಕ ವಿಧಿಸಿದ ವೆಚ್ಚ’ ಎಂದು ಬರೆದರೆ ಅರ್ಥವೇ ಕೆಟ್ಟಿತು.

‘ಇನ್‌ಚಾರ್ಜ್’ ವಿಷಯದಲ್ಲಿ ಎಚ್ಚರ ಬೇಕು. ‘ಪ್ರಭಾರ ಮುಖ್ಯೋಪಾಧ್ಯಾಯ’ ಎಂದರೆ ಕಾಯಂ ನೇಮಕ ಆಗುವವರೆಗೆ ಹುದ್ದೆ ನೋಡಿಕೊಳ್ಳುವವರು. ಇಂಗ್ಲಿಷಿನ ‘ಇನ್ ಚಾರ್ಜ್ ಆಫ್’ಗೆ ಆ ತಾತ್ಕಾಲಿಕ ಅರ್ಥ ತಾನಾಗಿ ಬರುವುದಿಲ್ಲ. ಸುಮ್ಮನೆ ಮೇಲ್ವಿಚಾರಣೆ ಎಂದಿದ್ದರೆ ‘ಉಸ್ತುವಾರಿ’ ಬಳಸಿ, ‘ಜಿಲ್ಲಾ ಉಸ್ತುವಾರಿ ಸಚಿವ’ ಎನ್ನುವ ಹಾಗೆ.

ಕರಡುತಿದ್ದುವ:
ಕೋರ್ಟ್ ಸುದ್ದಿಯಲ್ಲಿ ಆಗುವ ತಪ್ಪುಗಳನ್ನು ಸೇರಿಸುತ್ತೇನೆ. ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ, ಸಲ್ಲಿಸುವವರು ಪೊಲೀಸರು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿ 173ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ. ‘ಚಾರ್ಜ್ ಫ್ರೇಮ್’ ಮಾಡುವುದು ನ್ಯಾಯಾಲಯ, ಅದಕ್ಕೆ ‘ದೋಷಾರೋಪ ನಿಗದಿ’. ಎರಡನ್ನೂ ‘ಆರೋಪ ಹೊರಿಸಲಾಗಿದೆ’ ಎಂದು ಬರೆದುಬಿಟ್ಟರೆ ಪ್ರಕರಣ ಯಾವ ಹಂತದಲ್ಲಿದೆ ಎಂಬುದೇ ಓದುಗರಿಗೆ ತಿಳಿಯದು. ‘ಡಿಸ್ಚಾರ್ಜ್’ ಕೂಡ ಖುಲಾಸೆ ಅಲ್ಲ. ದೋಷಾರೋಪ ನಿಗದಿಗೆ ಆಧಾರ ಸಾಲದೆಂದು ಮೊದಲೇ ಕೈಬಿಡುವುದು ಡಿಸ್ಚಾರ್ಜ್, ವಿಚಾರಣೆ ನಡೆದು ನಿರ್ದೋಷಿ ಎಂದು ತೀರ್ಪಾದರೆ ಖುಲಾಸೆ.

ವಾಕ್ಯ ಕೊಟ್ಟಾಗ ಅರ್ಥ ಹಿಡಿಯಲು ಮಕ್ಕಳು ಮುಂದಿನ ಪದ ನೋಡಲಿ. ‘ಚಾರ್ಜ್’ ಆದಮೇಲೆ ‘ಫಾರ್’ ಬಂದರೆ ದುಡ್ಡು, ‘ವಿತ್’ ಬಂದರೆ ಅಪರಾಧ ಅಥವಾ ಹೊಣೆ, ‘ಅಟ್’ ಬಂದರೆ ಮೇಲೆ ನುಗ್ಗುವುದು. ‘ಅಕ್ಯೂಸ್’ ಸಮಾನಾರ್ಥಕವೇ, ಆದರೆ ಅದಕ್ಕೆ ‘ಆಫ್’ ಬೇಕು. ಯಾರು ಯಾರನ್ನು ಬೇಕಾದರೂ ‘ಅಕ್ಯೂಸ್’ ಮಾಡಬಹುದು, ಕಾನೂನಿನ ಅರ್ಥದಲ್ಲಿ ‘ಚಾರ್ಜ್’ ಮಾಡಲು ಅಧಿಕಾರ ಇರಬೇಕು. ಪರೀಕ್ಷೆಗೆ ಉಪಯೋಗವಾಗುವ ಇನ್ನೊಂದು: ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು, ನಡುವೆ ‘ದ’ ಸೇರಿ ‘ಇನ್ ದ ಚಾರ್ಜ್ ಆಫ್’ ಆದರೆ ಇನ್ನೊಬ್ಬರ ಸುಪರ್ದಿಯಲ್ಲಿರುವವರು. ದಾದಿ ಮೊದಲನೆಯದು, ಮಗು ಎರಡನೆಯದು.

‘ಲಾಠಿ ಚಾರ್ಜ್’ಗೆ ಪತ್ರಿಕೆಗಳಲ್ಲಿ ‘ಲಾಠಿ ಪ್ರಹಾರ’ ಗಟ್ಟಿಯಾಗಿ ನಿಂತಿದೆ. ‘ಪ್ರಭಾರ’, ‘ಪ್ರಹಾರ’ ಒಂದೇ ಅಕ್ಷರದ ದೂರ, ಕರಡು ತಿದ್ದುವಾಗ ಕಣ್ಣಿಟ್ಟಿರಿ.

ಪಹಣಿಪತ್ರ:
ಆಸ್ತಿ ಪತ್ರದಲ್ಲಿ ಚಾರ್ಜ್ ಎಂದರೆ ಋಣಭಾರ, ಅಡಮಾನ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಅಡಮಾನ 58ನೇ ಕಲಂ, ಚಾರ್ಜ್ 100ನೇ ಕಲಂ. ಅಡಮಾನದಲ್ಲಿ ಆಸ್ತಿಯ ಮೇಲಿನ ಒಂದು ಹಕ್ಕು ಸಾಲ ಕೊಟ್ಟವರಿಗೆ ವರ್ಗವಾಗುತ್ತದೆ. ಚಾರ್ಜ್‌ನಲ್ಲಿ ಹಕ್ಕು ವರ್ಗವಾಗದು, ಆಸ್ತಿ ಬಾಕಿಗೆ ಭದ್ರತೆಯಾಗಿರುತ್ತದೆ ಅಷ್ಟೇ. ಪೂರ್ತಿ ಹಣ ಬರುವ ಮೊದಲೇ ಮಾಲೀಕತ್ವ ಬಿಟ್ಟುಕೊಟ್ಟ ಮಾರಾಟಗಾರನಿಗೆ ಬಾಕಿಯಷ್ಟಕ್ಕೆ ಕಾನೂನೇ ಇಂಥ ಚಾರ್ಜ್ ಕೊಡುತ್ತದೆ. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16.

ಪದಹುಡುಕ:
ತುಂಬಾ ಧನ್ಯವಾದ. ಶುಲ್ಕದ ಗುಂಪು, ಬ್ಯಾಟರಿ ಎರಡು ಉಳಿದವು.

ಕಡತವಾಣಿ:
ವಕೀಲರಿಗೆ, ಶಾಲೆಗೆ ಕೊಡುವುದು ‘ಫೀ’. ಪ್ರಯಾಣಕ್ಕೆ ‘ಫೇರ್’. ರಸ್ತೆ, ಸೇತುವೆಗೆ ‘ಟೋಲ್’. ಸೇವೆಗೆ ಕೇಳುವ ಮೊತ್ತ ‘ಚಾರ್ಜ್’. ನಾವು ‘ಬಸ್ ಚಾರ್ಜ್’ ಎನ್ನುತ್ತೇವೆ, ಇಂಗ್ಲಿಷ್ ಪ್ರಬಂಧದಲ್ಲಿ ಅದು ‘ಬಸ್ ಫೇರ್’ ಆಗಬೇಕು.

ಭೌತಶಾಸ್ತ್ರದಲ್ಲಿ ‘ವಿದ್ಯುದಾವೇಶ’ ಎಂದೇ ಪೂರ್ತಿ ಬರೆಯಿರಿ, ಬರೀ ‘ಆವೇಶ’ ಎಂದರೆ ಸಿಟ್ಟು, ಮೈದುಂಬುವುದು ಎಂದಾದೀತು. ಅದನ್ನು ಅಳೆಯುವ ಮಾನ ಕೂಲಂಬ್. ಫೋನಿನ ಮೇಲಿನ 5000 ಮಿಲಿಆಂಪಿಯರ್-ಗಂಟೆಯೂ ಆವೇಶದ ಅಳತೆಯೇ: 5 ಆಂಪಿಯರ್ ಅನ್ನು 3600 ಸೆಕೆಂಡಿನಿಂದ ಗುಣಿಸಿದರೆ 18,000 ಕೂಲಂಬ್. ಆದರೆ ಮಾತಿನಲ್ಲಿ ‘ಫೋನ್ ಚಾರ್ಜ್‌ಗೆ ಹಾಕು’ ಎಂಬುದನ್ನು ಬದಲಿಸಲು ಹೋಗಬೇಡಿ, ಅದು ಕನ್ನಡವೇ ಆಗಿದೆ.