ಸಹಾಯ ಬೇಕು: ಹೂ ಬಿಟ್ಟ ಪುದೀನ ಮತ್ತು ವರ್ಣತಂತು ಎಣಿಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಪುದೀನ ಪ್ರಭೇದಗಳನ್ನು ಹೊರರೂಪ ಮತ್ತು ಡಿಎನ್‌ಎ ಎರಡರಿಂದಲೂ ವಿಂಗಡಿಸುವುದು ನನ್ನ ಪ್ರಾಜೆಕ್ಟ್.

ಕೆ.ಆರ್. ಮಾರುಕಟ್ಟೆಯ ಕಟ್ಟುಗಳು ಚಟ್ನಿಗೆ ಸರಿ, ಈ ಕೆಲಸಕ್ಕೆ ಸಾಲವು. ಹೂವಿಲ್ಲದೆ ಪುದೀನದ ಕುಲಗೋತ್ರ ಹೇಳುವುದು ಕಷ್ಟ. ಮೆಂಥಾ ಎಂಬುದು ಪುದೀನದ ಕುಲದ ಹೆಸರು; ಅದರಲ್ಲಿ ಮೆಂಥಾ ಸ್ಪೈಕೇಟಾ ಪ್ರಭೇದದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು, ಹೂವು ಕಾಂಡದ ತುದಿಯಲ್ಲಿ ತೆನೆಯಾಗಿ ಬರುತ್ತದೆ. ಮೆಂಥಾ ಆರ್ವೆನ್ಸಿಸ್‌ನಲ್ಲಿ ತೊಟ್ಟು ಸ್ಪಷ್ಟ, ಹೂವು ಎಲೆಗಳ ಕಂಕುಳಲ್ಲಿ ಕಾಂಡದ ಸುತ್ತ ಗುಂಪಾಗಿರುತ್ತದೆ. ಇಷ್ಟೇ ಆಗಿದ್ದರೆ ಯಾರನ್ನೂ ಕೇಳುತ್ತಿರಲಿಲ್ಲ. ಈ ಕುಲದಲ್ಲಿ ಅಡ್ಡತಳಿಗಳ ಹಾವಳಿ ವಿಪರೀತ. ಪೆಪ್ಪರ್‌ಮಿಂಟ್ ಎಂದರೆ 48 ವರ್ಣತಂತುಗಳ ಸ್ಪೈಕೇಟಾ, 96ರ ಅಕ್ವಾಟಿಕಾ ಎಂಬ ಇನ್ನೊಂದು ಪುದೀನ ಪ್ರಭೇದ ಸೇರಿ ಹುಟ್ಟಿದ ಬಂಜೆ ಗಿಡ. ಎರಡರಿಂದಲೂ ಅರ್ಧರ್ಧ ಬಂದು ಅದರಲ್ಲಿ ಸಾಮಾನ್ಯವಾಗಿ 72. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅದನ್ನು ಪ್ರತ್ಯೇಕ ಪ್ರಭೇದವೆಂದೇ ಹೆಸರಿಸಿದ್ದ! ಕ್ಲೋರೋಪ್ಲಾಸ್ಟ್ ಡಿಎನ್‌ಎ ಸಾಮಾನ್ಯವಾಗಿ ತಾಯಿಯಿಂದಲೇ ಬರುವುದರಿಂದ, ಅದೊಂದನ್ನೇ ಓದಿದರೆ ತಂದೆಯ ಸುಳಿವು ಸಿಗುವುದಿಲ್ಲ. ಹಾಗಾಗಿ ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯಲ್ಲಿ, ಪ್ರಭೇದ ಗುರುತಿಸಲು ಬಳಸುವ ಐಟಿಎಸ್ ಎಂಬ ಭಾಗವನ್ನೂ ಓದಬೇಕು, ವರ್ಣತಂತುಗಳನ್ನೂ ಎಣಿಸಬೇಕು.

ನಿಮ್ಮ ಮನೆಯ ಕುಂಡದಲ್ಲಿ ಪುದೀನ ಹೂ ಬಿಟ್ಟಿದ್ದರೆ ಹೂವಿರುವ ಒಂದು ರೆಂಬೆ, ಬೇರು ಬಂದ ಒಂದು ತುಂಡು ಕೊಡುತ್ತೀರಾ? ಗಿಡ ಎಲ್ಲಿಂದ ತಂದದ್ದೆಂದು ತಿಳಿಸಿದರೆ ಇನ್ನೂ ಉಪಕಾರ. ನಾನೇ ಬಂದು ಒಯ್ಯುತ್ತೇನೆ.

ಪ್ರಯೋಗಾಲಯದಲ್ಲಿ ಪಳಗಿದವರಿಗೆ ಒಂದು ಪ್ರಶ್ನೆ: ಬೇರುತುದಿಯನ್ನು, ವರ್ಣತಂತುಗಳು ಬಿಡಿಬಿಡಿಯಾಗಿ ಕಾಣಲೆಂದು ಬಳಸುವ ರಾಸಾಯನಿಕವಾದ ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ ಎಷ್ಟು ಹೊತ್ತು ಇಡುತ್ತೀರಿ? ಪುದೀನದ ವರ್ಣತಂತುಗಳು ತೀರಾ ಸಣ್ಣವು, ಸ್ಲೈಡಿನಲ್ಲಿ ಒಂದರ ಮೇಲೊಂದು ಬಿದ್ದು ಲೆಕ್ಕಕ್ಕೆ ಸಿಗುತ್ತಿಲ್ಲ. ಅಲ್ಲಾಳಸಂದ್ರದ ಸಿಮ್ಯಾಪ್ (ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ) ಕೇಂದ್ರದಲ್ಲಿ ಪರಿಚಯವಿರುವವರು ಇದ್ದರೆ ಯಾರನ್ನು ಕಾಣಬೇಕೆಂದು ದಯವಿಟ್ಟು ತಿಳಿಸಿ.