ಆಫ್ರಿಕಾದ ಬೇಟೆಗೆ ಹೊರಟವರ ಪ್ರಶ್ನೆಗಳು, ವೈದ್ಯರ ಉತ್ತರಗಳು

ನಿರ್ವಾಹಕರು: ನಮ್ಮ ಗುಂಪಿನ ಕೆಲವು ಸದಸ್ಯರು ನಮೀಬಿಯಾ, ಜಾಂಬಿಯಾ ಮತ್ತು ದಕ್ಷಿಣ ಆಫ್ರಿಕಾಗಳಿಗೆ ಪರವಾನಗಿ ಪಡೆದ ಬೇಟೆಗಾಗಿ ಹೋಗುವ ಸಿದ್ಧತೆಯಲ್ಲಿದ್ದಾರೆ. ಆಫ್ರಿಕಾದಲ್ಲಿ ಕೆಲಕಾಲ ಸೇವೆ ಸಲ್ಲಿಸಿ ಈಗ ಮಡಿಕೇರಿಯಲ್ಲಿರುವ ನಮ್ಮ ಸದಸ್ಯ ವೈದ್ಯರು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಆರೋಗ್ಯದ ಪ್ರಶ್ನೆಗಳನ್ನು ಮಾತ್ರ ಕೇಳಿ.

ಗೋಣಿಕೊಪ್ಪಲಿನ ಸದಸ್ಯರು: ನಮಸ್ಕಾರ ಡಾಕ್ಟರೇ. ನಾವು ನಾಲ್ವರು ಜೂನ್‌ನಲ್ಲಿ ನಮೀಬಿಯಾಕ್ಕೆ ಕುಡು ಮತ್ತು ಓರಿಕ್ಸ್ ಎಂಬ ಹುಲ್ಲೆಗಳ ಬೇಟೆಗೆ ಹೋಗುತ್ತಿದ್ದೇವೆ. ಮಲೇರಿಯಾ ಮಾತ್ರೆ ತೆಗೆದುಕೊಳ್ಳಲೇಬೇಕೇ?

ವೈದ್ಯರು: ನಮಸ್ಕಾರ. ನೀವು ನಮೀಬಿಯಾದ ಯಾವ ಭಾಗಕ್ಕೆ ಹೋಗುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ರಾಜಧಾನಿ ವಿಂಡ್‌ಹುಕ್‌ನ ಸುತ್ತಲಿನ ಒಣ ಪ್ರದೇಶದ ಬೇಟೆ ಜಮೀನುಗಳಿಗಷ್ಟೇ ಹೋಗುವವರಿಗೆ ಸಾಮಾನ್ಯವಾಗಿ ಮಾತ್ರೆಯ ಅಗತ್ಯ ಬೀಳುವುದಿಲ್ಲ. ಉತ್ತರದ ಕವಾಂಗೊ ಅಥವಾ ಜಾಂಬೆಜಿ ಪ್ರಾಂತ್ಯಕ್ಕೆ ಹೋಗುವುದಾದರೆ ಬೇಕು. ನಿಮ್ಮ ಏಜೆಂಟರಿಂದ ಜಮೀನಿನ ಹೆಸರನ್ನಲ್ಲ, ಜಿಲ್ಲೆಯ ಹೆಸರನ್ನು ಕೇಳಿ ತಿಳಿಸಿ.

ಕುಶಾಲನಗರದ ಸದಸ್ಯರು: ಮಾತ್ರೆಗಳಿಂದ ಯಕೃತ್ತು ಹಾಳಾಗುತ್ತದೆ ಎಂದೂ, ಹೊರಡುವ ಮೊದಲು 21 ದಿನ ನೆಲಬೇವಿನ ಕಷಾಯ ಕುಡಿದು ದಿನಕ್ಕೆ 2 ಎಸಳು ಹಸಿ ಬೆಳ್ಳುಳ್ಳಿ ತಿಂದರೆ ಸೊಳ್ಳೆಯೇ ಹತ್ತಿರ ಬರುವುದಿಲ್ಲ ಎಂದೂ ನನಗೊಂದು ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಕಳುಹಿಸುತ್ತಿದ್ದೇನೆ.

ವೈದ್ಯರು: ನೆಲಬೇವಿನ ಕಷಾಯವಾಗಲಿ ಬೆಳ್ಳುಳ್ಳಿಯಾಗಲಿ ಆಫ್ರಿಕಾದ ಫಾಲ್ಸಿಪಾರಂ ಮಲೇರಿಯಾವನ್ನು ತಡೆಯುವುದಿಲ್ಲ. ಈ ಮಲೇರಿಯಾ ಆರಂಭವಾದ ಕೆಲವೇ ದಿನಗಳಲ್ಲಿ ಮಿದುಳು ಮತ್ತು ಮೂತ್ರಪಿಂಡಗಳಿಗೆ ತಲುಪಿ ಕೊಲ್ಲಬಲ್ಲದು. ಈ ಸಂದೇಶವನ್ನು ನಂಬಿ ಒಬ್ಬರು ಮಾತ್ರೆ ಬಿಟ್ಟರೂ ಅದರ ಹೊಣೆ ಕಳುಹಿಸಿದವರ ಮೇಲಿರುತ್ತದೆ. ದಯವಿಟ್ಟು ಅಳಿಸಿ.

ಸಿದ್ದಾಪುರದ ಸದಸ್ಯರು: ಡಾಕ್ಟರೇ, ನನಗೆ 54 ವರ್ಷ. ಅಜ್ಜನ ಬೇಟೆಯ ಕಥೆಗಳನ್ನು ಕೇಳಿ ಬೆಳೆದವನು ನಾನು. 1972ರ ವನ್ಯಜೀವಿ ಕಾನೂನು ಬಂದಾಗ ನಾನಿನ್ನೂ ಮಗು, ಆದ್ದರಿಂದ ಮನೆಯ ಕೋವಿಯನ್ನು ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜಿಸಿದ್ದನ್ನೂ ತೆಂಗಿನಕಾಯಿಗೆ ಗುರಿಯಿಟ್ಟದ್ದನ್ನೂ ಬಿಟ್ಟರೆ ಬೇಟೆ ಎಂಬುದನ್ನು ಕಂಡವನಲ್ಲ. ಒಮ್ಮೆಯಾದರೂ ಆಫ್ರಿಕಾದ ಕಾಡೆಮ್ಮೆಯ ಹೆಜ್ಜೆ ಹಿಡಿದು ನಡೆಯಬೇಕೆಂಬ ಆಸೆಯಿಂದ ಕಾಫಿಗೆ ಬೆಲೆ ಬಂದ ವರ್ಷ ಹಣ ಕೂಡಿಟ್ಟೆ. ಜುಲೈನಲ್ಲಿ ಜಾಂಬಿಯಾದ ಲುವಾಂಗ್ವಾ ಕಣಿವೆಗೆ 10 ದಿನಗಳ ಬೇಟೆ ಗೊತ್ತಾಗಿದೆ. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. 15 ವರ್ಷಗಳ ಹಿಂದೆ ತೋಟದ ಮರಗಳ ಕೊಂಬೆ ಕಡಿಸುವಾಗ (ಮರಕಪಾತು) ಏಣಿಯಿಂದ ಬಿದ್ದು ಹೊಟ್ಟೆಯ ಎಡಭಾಗದ ಗುಲ್ಮ (ಸ್ಪ್ಲೀನ್) ಒಡೆದು ಅದನ್ನು ತೆಗೆದಿದ್ದಾರೆ, ಅದರಿಂದ ಯಾವ ತೊಂದರೆಯೂ ಆಗಿಲ್ಲ. ಯಾವ ಬೂಟು ಒಳ್ಳೆಯದು, ಜಿಗಣೆಗೆ ಹಚ್ಚುವಂತೆ ಉಣುಗಿಗೂ ಹೊಗೆಸೊಪ್ಪಿನ ನೀರು ಸಾಕೇ ಎಂದು ತಿಳಿಸಿ.

ವೈದ್ಯರು: ಬೂಟಿನ ವಿಷಯವನ್ನು ಆಮೇಲೆ ನೋಡೋಣ. ನೀವು ಕೊನೆಗೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ ಗುಲ್ಮದ ಸಂಗತಿಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಮಲೇರಿಯಾದ ಪರೋಪಜೀವಿ ಹೊಕ್ಕ ಕೆಂಪು ರಕ್ತಕಣಗಳನ್ನು ರಕ್ತದಿಂದ ಸೋಸಿ ತೆಗೆಯುವ ಮುಖ್ಯ ಅಂಗವೇ ಗುಲ್ಮ. ಅದಿಲ್ಲದವರಲ್ಲಿ ಪರೋಪಜೀವಿಗಳ ಸಂಖ್ಯೆ ಬಹಳ ಬೇಗ ಏರುತ್ತದೆ. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ರಕ್ತಕ್ಕಿಳಿದರೂ ಅದೇ ಕಥೆ: ಬೆಳಿಗ್ಗೆ ಸಣ್ಣ ಚಳಿಯೆಂದು ತೋರಿದ್ದು ಸಂಜೆಯೊಳಗೆ ಪ್ರಾಣಕ್ಕೆ ಬರಬಹುದು. 15 ವರ್ಷ ಏನೂ ಆಗಲಿಲ್ಲ ಎಂಬುದು ನಿಮ್ಮ ಅದೃಷ್ಟ, ಆದರೆ ಆ ಅಪಾಯ ವರ್ಷ ಕಳೆದಂತೆ ಇಲ್ಲವಾಗುವುದಿಲ್ಲ. ಅಂಥ ಜ್ವರ ಸಿದ್ದಾಪುರದಲ್ಲಿ ಬಂದರೆ ಒಂದೆರಡು ಗಂಟೆಗಳಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಬಹುದು. ಲುವಾಂಗ್ವಾದ ಬೇಟೆ ಶಿಬಿರದಲ್ಲಿ ಬಂದರೆ ಮೊದಲು ಮಣ್ಣಿನ ಹಾದಿಯಲ್ಲಿ ಸಣ್ಣ ವಿಮಾನ ಇಳಿಯುವ ಜಾಗಕ್ಕೆ ಹೋಗಿ, ಅಲ್ಲಿಂದ ಬೆಳಕಿರುವಾಗ ಮಾತ್ರ ಹಾರಬೇಕಾಗುತ್ತದೆ.

ಅಲ್ಲಿನ ಇನ್ನೊಂದು ಅಪಾಯ ತ್ಸೆತ್ಸೆ ನೊಣ. ಅದು ನಿದ್ರಾರೋಗವನ್ನು ಹರಡುತ್ತದೆ, ಅದಕ್ಕೆ ಲಸಿಕೆಯಿಲ್ಲ. ಚಲಿಸುವ ಜೀಪನ್ನು ಬೆನ್ನಟ್ಟಿ ಬರುವ ಈ ನೊಣಕ್ಕೆ ಕಡುನೀಲಿ ಮತ್ತು ಕಪ್ಪು ಬಣ್ಣಗಳೆಂದರೆ ಆಕರ್ಷಣೆ, ಎಷ್ಟೆಂದರೆ ಅದನ್ನು ಹಿಡಿಯಲು ಕಟ್ಟುವ ಬಲೆಗಳನ್ನೇ ನೀಲಿ ಮತ್ತು ಕಪ್ಪು ಬಟ್ಟೆಯಿಂದ ಮಾಡುತ್ತಾರೆ. ತೆಳ್ಳಗಿನ ಬಟ್ಟೆಯ ಮೇಲಿನಿಂದಲೂ ಅದು ಕಚ್ಚುತ್ತದೆ, ಸೊಳ್ಳೆಯ ಮುಲಾಮನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಉಣುಗಿನ ವಿಷಯದಲ್ಲಿ ಹೊಗೆಸೊಪ್ಪಿನ ನೀರನ್ನು ನಂಬಬೇಡಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಹಚ್ಚಿದ ದಪ್ಪ ಬಟ್ಟೆ, ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು, ದಿನವೂ ಸಂಜೆ ಕಂಕುಳು ಮತ್ತು ತೊಡೆಸಂದುಗಳ ತಪಾಸಣೆ, ಇವು ಉಪಯೋಗಕ್ಕೆ ಬರುತ್ತವೆ. ಉಣುಗಿನಿಂದ ಬರುವ ಬೇಬಿಸಿಯೋಸಿಸ್ ಎಂಬ ರೋಗ ಕೂಡ ಗುಲ್ಮವಿಲ್ಲದವರಲ್ಲಿ ಹೆಚ್ಚು ಉಗ್ರವಾಗುತ್ತದೆ.

ನನ್ನ ಅಭಿಪ್ರಾಯ ಕೇಳುವುದಾದರೆ, ಲುವಾಂಗ್ವಾಕ್ಕೆ ಹೋಗಬೇಡಿ. ನಿಮ್ಮ ಆಸೆ ಎಷ್ಟು ಹಳೆಯದೆಂಬುದು ನಿಮ್ಮ ಬರಹದಿಂದ ತಿಳಿಯುತ್ತದೆ, ಆದ್ದರಿಂದ ಬೇಟೆಯನ್ನೇ ಬಿಡಿ ಎನ್ನುತ್ತಿಲ್ಲ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಮಲೇರಿಯಾ ಇಲ್ಲ, ತ್ಸೆತ್ಸೆ ನೊಣವಿಲ್ಲ, ಕಾಡೆಮ್ಮೆಯ ಬೇಟೆ ಇದೆ. ಅಲ್ಲಿಗೆ ಬದಲಾಯಿಸಿಕೊಳ್ಳಿ. ಎಲ್ಲಿಗೇ ಹೋದರೂ ನ್ಯುಮೊಕಾಕಸ್, ಮೆನಿಂಗೊಕಾಕಸ್ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ಹೊರಡುವ ಸಾಕಷ್ಟು ಮೊದಲೇ ಹಾಕಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಇವುಗಳನ್ನು ನಿಮಗೆ ಕೊಟ್ಟಿದ್ದರೇ?

ಸೋಮವಾರಪೇಟೆಯ ಸದಸ್ಯರು: ಮಲೇರಿಯಾಕ್ಕೆ ಈಗ ಇಂಜೆಕ್ಷನ್ ಬಂದಿದೆಯಂತೆ, ಪುಣೆಯಲ್ಲೇ ತಯಾರಾಗುತ್ತದಂತೆ. ಎಲ್ಲಿ ಸಿಗುತ್ತದೆ?

ವೈದ್ಯರು: ಪುಣೆಯಲ್ಲಿ ತಯಾರಾಗುವ ಆರ್21 ಲಸಿಕೆ ಮಲೇರಿಯಾ ಪ್ರದೇಶದಲ್ಲೇ ಬೆಳೆಯುವ ಮಕ್ಕಳಿಗಾಗಿ ಇರುವುದು. ಪ್ರವಾಸಿಗರಿಗಲ್ಲ.

ನಾಪೋಕ್ಲಿನ ಸದಸ್ಯರು: ಇಥಿಯೋಪಿಯಾದ ಅಡಿಸ್ ಅಬಾಬಾ ಮೂಲಕ ಹೋಗಿ ಬರುವ ವಿಮಾನಕ್ಕೆ ಹಳದಿ ಜ್ವರದ ಲಸಿಕೆ ಬೇಕೇ? ಜೊತೆಗೆ ಬರುವ ನನ್ನ ಮಾವನವರಿಗೆ 66 ವರ್ಷ.

ವೈದ್ಯರು: ಇಥಿಯೋಪಿಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿ ಒಂದು ರಾತ್ರಿ ತಂಗುವುದಾದರೂ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದಾಗ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಸಂದರ್ಭ ಬರಬಹುದು. ಪ್ರಮಾಣಪತ್ರ ಲಸಿಕೆ ಹಾಕಿದ 10 ದಿನಗಳ ನಂತರವೇ ಸಿಂಧುವಾಗುತ್ತದೆ, 2016ರ ಜುಲೈನಿಂದ ಅದು ಜೀವನಪರ್ಯಂತ ನಡೆಯುತ್ತದೆ. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ 60 ದಾಟಿದವರಿಗೆ ಮೊದಲ ಬಾರಿ ಕೊಡುವಾಗ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ಮಾವನವರಿಗಾಗಿ ಬೇರೆ ಮಾರ್ಗದ ವಿಮಾನ ಹುಡುಕಿ.

ಪೊನ್ನಂಪೇಟೆಯ ಸದಸ್ಯರು: ಕ್ಷಮಿಸಿ, ನನಗೊಂದು ಮಾತು ಹೇಳಬೇಕಾಗಿದೆ. ಇಲ್ಲಿ ನಮ್ಮ ತೋಟದ ಕಾರ್ಮಿಕರು ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಿರುವಾಗ, ಲಕ್ಷಾಂತರ ರೂಪಾಯಿ ಕೊಟ್ಟು ಇನ್ನೊಂದು ದೇಶದ ಪ್ರಾಣಿಯನ್ನು ಕೊಲ್ಲಲು ಹೋಗುವುದು ಯಾವ ಸಂಪ್ರದಾಯ? ನಮ್ಮ ಹಿರಿಯರು ಹೊಟ್ಟೆಗೂ ಬೆಳೆಯ ರಕ್ಷಣೆಗೂ ಬೇಟೆಯಾಡಿದರು, ಗೋಡೆಯ ಅಲಂಕಾರಕ್ಕಲ್ಲ.

ಗೋಣಿಕೊಪ್ಪಲಿನ ಸದಸ್ಯರು: ಅಕ್ಕ, ಹುಲಿ ಕೊಂದವನನ್ನು ಹುಲಿಯೊಂದಿಗೆ ಚಪ್ಪರದಲ್ಲಿ ಕೂರಿಸಿ ನರಿಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ಮಾಡಿದ್ದು ನಮ್ಮ ಹಿರಿಯರೇ. ಅದು ಹೊಟ್ಟೆಗಾಗಿ ಆಡಿದ ಬೇಟೆಯೇ? ನಮೀಬಿಯಾದಲ್ಲಿ 1996ರ ಕಾನೂನಿನ ನಂತರ ಹಳ್ಳಿಗರೇ ಸಂರಕ್ಷಣಾ ಸಮಿತಿಗಳನ್ನು ಕಟ್ಟಿಕೊಂಡು ಬೇಟೆಯ ಹಣದಿಂದ ಕಾವಲುಗಾರರಿಗೆ ಸಂಬಳ ಕೊಡುತ್ತಿದ್ದಾರೆ. ಕೀನ್ಯಾ 1977ರಲ್ಲೇ ಬೇಟೆ ನಿಷೇಧಿಸಿತು, ಆದರೂ ಅಲ್ಲಿ ಆನೆಗಳು ದಂತಚೋರರಿಗೆ ಬಲಿಯಾದವು.

ಪೊನ್ನಂಪೇಟೆಯ ಸದಸ್ಯರು: ನರಿಮಂಗಲ ಊರಿನ ದನಕರುಗಳನ್ನು ಕಾಪಾಡಿದವನಿಗೆ ಊರು ಕೊಟ್ಟ ಗೌರವ. ಹಣ ಕೊಟ್ಟು ಗುಂಡು ಹಾರಿಸಿದವನಿಗೆ ಯಾರೂ ಚಪ್ಪರ ಹಾಕುವುದಿಲ್ಲ.

ಅಮ್ಮತ್ತಿಯ ಸದಸ್ಯರು: ಅದಿರಲಿ. ನಮಗೆ ಕೋವಿಗೆ ಪರವಾನಗಿ ಬೇಡವಲ್ಲ, ಹಾಗಾದರೆ ಮನೆಯ ಕೋವಿಯನ್ನೇ ಕೊಂಡೊಯ್ಯಬಹುದೇ?

ಗೋಣಿಕೊಪ್ಪಲಿನ ಸದಸ್ಯರು: ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ವಿಸ್ತರಿಸಿರುವ ವಿನಾಯಿತಿ ನಮ್ಮ ದೇಶದ ಶಸ್ತ್ರಾಸ್ತ್ರ ಕಾನೂನಿನದು. ಬೇರೆ ದೇಶದ ಪೊಲೀಸರು ಅದನ್ನು ಏಕೆ ಒಪ್ಪಬೇಕು? ಅಲ್ಲಿ ಇಳಿಯುವಾಗ ತಾತ್ಕಾಲಿಕ ಪರವಾನಗಿ ಬೇಕು, ದಕ್ಷಿಣ ಆಫ್ರಿಕಾದಲ್ಲಿ ಅದಕ್ಕೆ ಪ್ರತ್ಯೇಕ ನಮೂನೆಯೇ ಇದೆ. ಅಲ್ಲಿಯ ಬಂದೂಕನ್ನೇ ಬಾಡಿಗೆಗೆ ಪಡೆಯುವುದು ಸುಲಭ.

ಅಮ್ಮತ್ತಿಯ ಸದಸ್ಯರು: ನಾನು ಕೇಳಿದ್ದು ತಿಳಿದವರನ್ನು, ನಿಮ್ಮನ್ನಲ್ಲ.

ನಿರ್ವಾಹಕರು: ಸಭ್ಯತೆ ಕಾಪಾಡಿ. ಆರೋಗ್ಯದ ಪ್ರಶ್ನೆಗಳಿಗೆ ಮರಳೋಣ.

ವಿರಾಜಪೇಟೆಯ ಸದಸ್ಯರು: ಡಾಕ್ಟರೇ, ಇಲ್ಲಿಂದಲೇ ಹಾವಿನ ವಿಷದ ಮದ್ದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ಯಲು ಯೋಚಿಸಿದ್ದೇವೆ.

ವೈದ್ಯರು: ಬೇಡ. ನಮ್ಮ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷದಿಂದ ತಯಾರಾದದ್ದು. ಆಫ್ರಿಕಾದ ಬ್ಲ್ಯಾಕ್ ಮಾಂಬಾ ಅಥವಾ ಪಫ್ ಆ್ಯಡರ್ ಕಚ್ಚಿದರೆ ಅದು ಕೆಲಸ ಮಾಡುವುದಿಲ್ಲ, ಮೇಲಾಗಿ ಅಲರ್ಜಿಯಿಂದ ಪ್ರಾಣಕ್ಕೇ ಅಪಾಯವಾಗಬಹುದು. ಮದ್ದು ಎಷ್ಟು ದೂರದಲ್ಲಿದೆ, ಅಲ್ಲಿಗೆ ಸಾಗಿಸುವವರು ಯಾರು ಎಂಬುದನ್ನು ಶಿಬಿರದವರಿಂದ ಬರಹದಲ್ಲಿ ಪಡೆಯಿರಿ. ಕಲ್ಲು ಅಂಟಿಸುವುದು, ಕೊಯ್ದು ಹೀರುವುದು ಇತ್ಯಾದಿಗಳನ್ನು ದಯವಿಟ್ಟು ಇಲ್ಲಿ ಯಾರೂ ಬರೆಯಬೇಡಿ.

ಶನಿವಾರಸಂತೆಯ ಸದಸ್ಯರು: ಮಲೇರಿಯಾಕ್ಕೆ ಇಂಜೆಕ್ಷನ್ ಇಲ್ಲವೇ ಡಾಕ್ಟರೇ?

ವೈದ್ಯರು: ಮೇಲೆ ಉತ್ತರಿಸಿದ್ದೇನೆ.

ಕುಶಾಲನಗರದ ಸದಸ್ಯರು: ನೆಲಬೇವಿನ ಬಗ್ಗೆ ನೀವು ಕಟುವಾಗಿ ಮಾತನಾಡಿದಿರಿ. ನಮ್ಮ ಅಜ್ಜಿ ಅದನ್ನೇ ಕುಡಿಸಿ ಎಷ್ಟೋ ಜ್ವರಗಳನ್ನು ವಾಸಿ ಮಾಡಿದ್ದಾರೆ. ಮನೆಯಲ್ಲಿ ಹಳೆಯ ಕ್ಲೋರೋಕ್ವಿನ್ ಕೂಡ ಇದೆ, ಬೇಕಾದರೆ ಅದನ್ನೂ ಸೇರಿಸಿಕೊಳ್ಳಬಹುದು ಎನ್ನುತ್ತಾರೆ.

ವೈದ್ಯರು: ಅಜ್ಜಿಯವರ ಬಗ್ಗೆ ನನಗೆ ಗೌರವವಿದೆ. ಆದರೆ ಸಂದೇಶವನ್ನು ಅಳಿಸಿ ಎಂದು ಕೇಳಿದ್ದೆ, ನೀವು ಅಳಿಸಿಲ್ಲ. ಆಫ್ರಿಕಾದ ಫಾಲ್ಸಿಪಾರಂಗೆ ಕ್ಲೋರೋಕ್ವಿನ್ ನಾಟುವುದಿಲ್ಲ, ಅದು ಪ್ರತಿರೋಧ ಬೆಳೆಸಿಕೊಂಡು ದಶಕಗಳೇ ಆಗಿವೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ ಮರಳಿದ ನಂತರ 4 ವಾರ ಮುಂದುವರಿಸಬೇಕು, ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಮರಳಿದ ಮೇಲೆ 7 ದಿನ ಸಾಕು. ಯಾವುದು ಯಾರಿಗೆ ಎಂಬುದನ್ನು ನೋಡಿ ಬರೆದುಕೊಡಬೇಕು. ಮರಳಿದ ಮೇಲೆ ಜ್ವರ ಬಂದರೆ, ಅದು ಮೂರು ತಿಂಗಳ ನಂತರವೇ ಆಗಲಿ, ಆಫ್ರಿಕಾಕ್ಕೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಬೇಕು. ನಮ್ಮಲ್ಲಿ ಮಳೆಗಾಲದ ಜ್ವರವನ್ನು ಡೆಂಗಿ ಎಂದೋ ಇಲಿಜ್ವರ ಎಂದೋ ತಿಳಿದು ಎರಡು ದಿನ ಕಳೆದುಬಿಡುತ್ತಾರೆ, ಆ ಎರಡು ದಿನಗಳೇ ನಿಮಗಿರುವ ಕಾಲಾವಕಾಶ.

ಮೂರ್ನಾಡಿನ ಸದಸ್ಯರು: ಅಲ್ಲಿ ಹೊಡೆದ ಕಾಡುಹಂದಿಯನ್ನು ನಾವೇ ಪಂದಿಕರಿ ಮಾಡಿ ತಿನ್ನಬಹುದೇ?

ವೈದ್ಯರು: ಮೂಳೆಯವರೆಗೆ ಚೆನ್ನಾಗಿ ಬೇಯಿಸಿ ತಿನ್ನಿ. ಹೊಗೆಗೆ ಕಟ್ಟಿ ಅಥವಾ ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸ ಬೇಡ, ಟ್ರೈಕಿನೆಲ್ಲಾ ಹುಳು ಅದರಿಂದ ಸಾಯುತ್ತದೆಂಬ ಭರವಸೆಯಿಲ್ಲ.

ಅಮ್ಮತ್ತಿಯ ಸದಸ್ಯರು: ಕೊಂಬು ಮತ್ತು ಚರ್ಮವನ್ನು ಊರಿಗೆ ತರಲು ಏನು ಮಾಡಬೇಕು? ಕೋವಿಯ ಬಗ್ಗೆಯೂ ಇನ್ನೂ ಸರಿಯಾದ ಉತ್ತರ ಬಂದಿಲ್ಲ.

ಪೊನ್ನಂಪೇಟೆಯ ಸದಸ್ಯರು: ನಾನು ಹೇಳಿದ ಗೋಡೆಯ ಅಲಂಕಾರ ಇದೇ.

ಸಿದ್ದಾಪುರದ ಸದಸ್ಯರು: ಡಾಕ್ಟರೇ, ಲಸಿಕೆ ಕೊಟ್ಟದ್ದು ನೆನಪಿಲ್ಲ, ಆಸ್ಪತ್ರೆಯ ಕಾಗದಗಳೂ ಸಿಗುತ್ತಿಲ್ಲ. ಮುಂಗಡ ಕೊಟ್ಟಾಗಿದೆ, ಏಜೆಂಟರು ಹಣ ಹಿಂದಿರುಗಿಸಲಾಗದು ಎನ್ನುತ್ತಾರೆ. ಮಾತ್ರೆ ತಪ್ಪದೆ ತೆಗೆದುಕೊಂಡು ಜಾಗರೂಕನಾಗಿದ್ದರೆ ಲುವಾಂಗ್ವಾಕ್ಕೇ ಹೋಗಬಹುದಲ್ಲವೇ?

ವೈದ್ಯರು: ಮಾತ್ರೆಗಳು ಅಪಾಯವನ್ನು ಬಹಳಷ್ಟು ತಗ್ಗಿಸುತ್ತವೆ, ಪೂರ್ತಿ ಇಲ್ಲವಾಗಿಸುವುದಿಲ್ಲ, ಉಳಿದ ಆ ಸ್ವಲ್ಪ ನಿಮ್ಮಂಥವರಿಗೆ ಸ್ವಲ್ಪವಲ್ಲ. ಹಣ ಹಿಂದಿರುಗಿಸದಿದ್ದರೂ ಜಾಗ ಬದಲಾಯಿಸಿಕೊಡಿ ಎಂದು ಏಜೆಂಟರನ್ನು ಕೇಳಿ. ವೈದ್ಯರ ಪತ್ರ ಬೇಕೆಂದರೆ ನಾನು ಬರೆದುಕೊಡುತ್ತೇನೆ. ಕಾಗದಗಳಿಗಾಗಿ ಕಾಯಬೇಡಿ, ಹಿಂದೆ ಕೊಟ್ಟಿಲ್ಲವೆಂದೇ ತಿಳಿದು ಲಸಿಕೆಗಳನ್ನು ಆರಂಭಿಸೋಣ. ನೀವು ಬೇಟೆಗೆ ಹೋಗದೆ ಸಿದ್ದಾಪುರದಲ್ಲೇ ಉಳಿದರೂ ಅವು ಬೇಕು. ಗುರುವಾರ ಬೆಳಿಗ್ಗೆ ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ, ಜ್ವರ ಬಂದಾಗ ಮಾಡಬೇಕಾದದ್ದನ್ನು ಅವರಿಗೂ ಹೇಳಬೇಕಾಗಿದೆ.